ಕುದುರೆಗೆ ನೀರು ತೋರಿಸಿದವರು ಯಾರು?

ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಮೇಲೆ ನನಗೆ ಗೊತ್ತಾಗಿರುವ ಒಂದು ಸಂಗತಿಯೆಂದರೆ, ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಒಂದಕ್ಕೆ ಉತ್ತರ ಪುಸ್ತಕದಲ್ಲಿರುತ್ತದೆ. ಇನ್ನೊಂದಕ್ಕೆ ಉತ್ತರ ಹೇಳಬೇಕಾದರೆ ಟೀಚರಮ್ಮ ತನ್ನ ಮನೆಯ ಹಿತ್ತಲಿಗೆ ಹೋಗಿ ಬರಬೇಕಾಗುತ್ತದೆ. ಮೊದಲನೆಯ ಬಗೆಯವು ದಿನಕ್ಕೆ ಹತ್ತು ಬಂದರೂ ಸುಸ್ತಾಗುವುದಿಲ್ಲ. ಎರಡನೆಯದು ವರ್ಷಕ್ಕೊಂದು ಬಂದರೂ ಸಾಕು, ರಾತ್ರಿ ನಿದ್ದೆ ಹತ್ತುವುದಿಲ್ಲ.

ಹೋದ ವರ್ಷ ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ನಂತರದ ಜಗತ್ತಿನ ಪಾಠ ನಡೆಯುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡು. ಅಮೆರಿಕ, ರಷ್ಯಾ, ಶೀತಲ ಸಮರ ಎಂದರೆ ಮಕ್ಕಳು ತೂಕಡಿಸುವುದು ಸಹಜ. ಅಂಥ ಹೊತ್ತಿಗೆಂದೇ ನನ್ನ ಬಳಿ ಒಂದು ದಪ್ಪ ಆಲ್ಬಮ್ ಇದೆ. ಹಳೆಯ ಪತ್ರಿಕೆಗಳಿಂದ ಕತ್ತರಿಸಿ, ಮೈದಾ ಅಂಟಿನಲ್ಲಿ ಅಂಟಿಸಿದ ಚಿತ್ರಗಳು. ಮಗಳು, "ಅಮ್ಮಾ, ಈಗೆಲ್ಲ ಫೋನಿನಲ್ಲೇ ಸಿಗುತ್ತೆ, ಇನ್ನೂ ಯಾಕೆ ಈ ಕಂತೆ ಹೊರ್ತೀಯಾ" ಎಂದು ನಗುತ್ತಾಳೆ. ಆದರೆ ಕೈಯಿಂದ ಕೈಗೆ ದಾಟಿ ಹೋಗುವ ಚಿತ್ರಕ್ಕೆ ಮಕ್ಕಳ ನಿದ್ದೆ ಬಿಡಿಸುವ ಶಕ್ತಿಯಿದೆ ಎನ್ನುವುದು ನನ್ನ ಅನುಭವ.

ಅಂದು ದಾಟಿಸಿದ್ದು 1963ರ ನವೆಂಬರ್ ತಿಂಗಳ ಒಂದು ಚಿತ್ರ. ಅಧ್ಯಕ್ಷ ಕೆನಡಿಯವರ ಶವಯಾತ್ರೆ. ಚಿತ್ರದಲ್ಲಿ ಒಂದು ಕರಿಯ ಕುದುರೆ, ಅದರ ಬೆನ್ನ ಮೇಲೆ ಜೀನು, ಜೀನಿನ ಪಕ್ಕಕ್ಕೆ ಕತ್ತಿ. ಕಾಲಿಡುವ ರಿಕಾಪುಗಳಲ್ಲಿ ಒಂದು ಜೊತೆ ಎತ್ತರದ ಬೂಟು. ಸವಾರ ಮಾತ್ರ ಇಲ್ಲ.

"ಮಿಸ್, ಈ ಕುದ್ರೆ ಮೇಲೆ ಯಾಕೆ ಯಾರೂ ಕೂತಿಲ್ಲ? ಬೂಟು ಯಾಕೆ ಹಿಂದು ಮುಂದಾಗಿದೆ?" ಎಂದು ಮುಂದಿನ ಬೆಂಚಿನ ಹುಡುಗ ಕೇಳಿದ. ಇದು ಪುಸ್ತಕದ ಪ್ರಶ್ನೆ, ಗೊತ್ತಿದ್ದಷ್ಟು ಹೇಳಿದೆ. ಸತ್ತವನು ಇನ್ನೆಂದೂ ಸವಾರಿ ಮಾಡುವುದಿಲ್ಲ ಎನ್ನುವುದರ ಗುರುತು ಆ ಖಾಲಿ ಜೀನು. ದಂಡನಾಯಕ ಹೊರಡುವ ಮುಂಚೆ ಕೊನೆಯ ಸಲ ಹಿಂತಿರುಗಿ ತನ್ನ ಸೈನಿಕರನ್ನು ನೋಡುತ್ತಾನೆ ಎನ್ನುವುದರ ಗುರುತು ಆ ತಿರುಗಿಸಿದ ಬೂಟು. ತರಗತಿ ಗಪ್‌ಚಿಪ್ಪಾಯಿತು. ನಿದ್ದೆಯೂ ಬಿಟ್ಟಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳು ಹೆಚ್ಚು ಮಾತಾಡುವವಳಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದರಿಂದ ವಾರದಲ್ಲಿ ಎರಡು ದಿನವಾದರೂ ಪ್ರಾರ್ಥನೆಗೆ ತಡವಾಗಿ ಬರುವವಳು.

"ಅದೆಲ್ಲ ಸರಿ ಮಿಸ್. ಎಲ್ಲಾ ಮುಗಿದ್ಮೇಲೆ ಆ ಕುದ್ರೆಗೆ ನೀರು ತೋರ್ಸಿದ್ದು ಯಾರು?"

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಗಬೇಕಾಗಿತ್ತು, ನಗು ಬರಲಿಲ್ಲ. "ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮನೆಗೆ ಬಂದು ಕಾಫಿ ಕುಡಿದು, ಕಾಪಿ ಪುಸ್ತಕಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, ಮಗಳನ್ನೂ ಅವಳ ಫೋನನ್ನೂ ಕೂರಿಸಿಕೊಂಡು ಆ ಕುದುರೆಯ ಜಾತಕ ಹುಡುಕತೊಡಗಿದೆ. ಅದರ ಹೆಸರು ಬ್ಲ್ಯಾಕ್ ಜ್ಯಾಕ್. 1947ರ ಜನವರಿಯಲ್ಲಿ ಹುಟ್ಟಿದ್ದು, ಎಂದರೆ ನಮ್ಮ ಸ್ವಾತಂತ್ರ್ಯದ ವರ್ಷದ್ದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯನ್ನು ನಡೆಸಿದ ಜನರಲ್ ಪರ್ಶಿಂಗ್ ಅವರ ಅಡ್ಡಹೆಸರನ್ನೇ ಇದಕ್ಕೆ ಇಟ್ಟಿದ್ದರು. ಸೋಜಿಗವೆಂದರೆ, ಕೆನಡಿಯವರ ಪತ್ನಿ ಜಾಕ್ವೆಲಿನ್ ಅವರ ತಂದೆಯನ್ನೂ ಜನ ಬ್ಲ್ಯಾಕ್ ಜ್ಯಾಕ್ ಎಂದೇ ಕರೆಯುತ್ತಿದ್ದರಂತೆ. ಗಂಡನ ಹಿಂದೆ ನಡೆದ ಆ ಕುದುರೆಗೆ ತವರಿನ ಹೆಸರಿತ್ತು ಎಂದಾಯಿತು.

ಈ ಬ್ಲ್ಯಾಕ್ ಜ್ಯಾಕ್ ಮಹಾ ತುಂಟ. ಬೆನ್ನ ಮೇಲೆ ಯಾರನ್ನೂ ಸುಲಭವಾಗಿ ಕೂರಿಸಿಕೊಳ್ಳುವುದಲ್ಲ, ಗಾಡಿಗೆ ಹೂಡಿದರೆ ಎಳೆಯುವುದಲ್ಲ. ನಮ್ಮ ಕಡೆಯಾದರೆ 'ಹೊರೆಗೂ ಆಗದ ಹೋರಿ' ಎಂದು ಸಂತೆಗೆ ಹೊಡೆಯುತ್ತಿದ್ದರು. ಅಲ್ಲಿ ಬೇರೆ ಕೆಲಸ ಸಿಕ್ಕಿತು: ಖಾಲಿ ಜೀನು ಹೊತ್ತು ಶವದ ಹಿಂದೆ ನಡೆಯುವ ಕೆಲಸ. ಒಂದು ಸಾವಿರಕ್ಕೂ ಹೆಚ್ಚು ಸೈನಿಕ ಶವಯಾತ್ರೆಗಳಲ್ಲಿ ಅದು ನಡೆದಿದೆ. ಕೆನಡಿಯವರ ದಿನ ತಮಟೆಯಂಥ ಆ ನಗಾರಿಗಳ ಸದ್ದಿಗೆ ಬೆದರಿ ದಾರಿಯುದ್ದಕ್ಕೂ ಕತ್ತು ಕೊಡವುತ್ತ, ಅಡ್ಡಡ್ಡ ಕುಣಿಯುತ್ತ ನಡೆಯಿತು. ಲಗಾಮು ಹಿಡಿದಿದ್ದವನು ಹತ್ತೊಂಬತ್ತು ವರ್ಷದ ಸಿಪಾಯಿ. ಕುದುರೆ ಅವನ ಕಾಲನ್ನೇ ತುಳಿಯಿತು. ಅವನು ಕುದುರೆಯನ್ನು ಗದರುವಂತಿಲ್ಲ, ಸವರುವಂತಿಲ್ಲ, ತನ್ನ ನೋವನ್ನು ಮುಖದಲ್ಲಿ ತೋರಿಸುವಂತಿಲ್ಲ. ಇಡೀ ಜಗತ್ತು ನೋಡುತ್ತಿತ್ತು. ಆ ಕುದುರೆಯ ಚಡಪಡಿಕೆಯನ್ನು ಕಂಡೇ ಟಿವಿಯ ಮುಂದೆ ಕುಳಿತ ಎಷ್ಟೋ ಜನ ಅತ್ತರಂತೆ. ಸೆಟೆದು ನಿಂತ ಸೈನಿಕರ ನಡುವೆ ದುಃಖವನ್ನು ಹೊರಗೆ ತೋರಿದ್ದು ಅದೊಂದೇ ಎಂದು ಅವರಿಗೆ ಅನ್ನಿಸಿರಬೇಕು.

ಈ ಗೌರವ ಎಲ್ಲರಿಗೂ ಸಿಗುವುದಿಲ್ಲ. ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಭೂಸೇನೆಯ ಅಥವಾ ಮರೀನ್ ಪಡೆಯ ಕರ್ನಲ್ ಹಾಗೂ ಅದಕ್ಕೂ ಮೇಲಿನ ದರ್ಜೆಯವರಿಗೆ ಮಾತ್ರ ಸವಾರನಿಲ್ಲದ ಕುದುರೆ. ಅಧ್ಯಕ್ಷರು ಸೇನೆಗೆಲ್ಲ ಮುಖ್ಯಸ್ಥರಾದ್ದರಿಂದ ಅವರಿಗೂ ಉಂಟು. 1799ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಹಿಂದೆಯೂ ಹೀಗೊಂದು ಕುದುರೆ ನಡೆದಿತ್ತು. 1865ರಲ್ಲಿ ಲಿಂಕನ್ನರ ಹಿಂದೆ ನಡೆದದ್ದು ಅವರದೇ ಮನೆಯ ಕುದುರೆ. ವಕೀಲಿ ಮಾಡುತ್ತಿದ್ದಾಗ ಅದರ ಮೇಲೆ ಕೂತು ಊರೂರು ತಿರುಗಿದ್ದರು. ಓಲ್ಡ್ ಬಾಬ್ ಎನ್ನುವ ಆ ಮುದಿ ಕುದುರೆಗೆ ಕಪ್ಪು ಬಟ್ಟೆ ಹೊದಿಸಿ ಅವರ ಊರಾದ ಸ್ಪ್ರಿಂಗ್‌ಫೀಲ್ಡಿನಲ್ಲಿ ಶವಪೆಟ್ಟಿಗೆಯ ಹಿಂದೆ ನಡೆಸಿದರು.

ಪೆಟ್ಟಿಗೆ ಹೊರುವ ಬಂಡಿಯ ಕಥೆ ಇನ್ನೊಂದು. ಅದು ಹಿಂದೆ ತೋಪಿನ ಮದ್ದುಗುಂಡು ಸಾಗಿಸುತ್ತಿದ್ದ ಗಾಡಿ. ಯುದ್ಧಭೂಮಿಗೆ ಹೋಗುವಾಗ ಗುಂಡು, ಬರುವಾಗ ಹೆಣ. ಖಾಲಿ ಗಾಡಿ ಹಾಗೇ ಯಾಕೆ ಬರಬೇಕು ಎನ್ನುವ ಲೆಕ್ಕಾಚಾರದಿಂದ ಶುರುವಾದದ್ದು ಕಡೆಗೆ ದೊಡ್ಡ ಮರ್ಯಾದೆಯಾಯಿತು. ಆರು ಕುದುರೆ ಹೂಡುತ್ತಾರೆ, ಎಲ್ಲವೂ ಒಂದೇ ಬಣ್ಣದವು. ಆರಕ್ಕೂ ಜೀನು ಇರುತ್ತದೆ, ಆದರೆ ಎಡಗಡೆಯ ಮೂರರ ಮೇಲೆ ಮಾತ್ರ ಸವಾರರು. ಬಲಗಡೆಯ ಮೂರು ಖಾಲಿ. ಹಿಂದಿನ ಕಾಲದಲ್ಲಿ ಆ ಮೂರರ ಬೆನ್ನ ಮೇಲೆ ಮೇವು, ಬುತ್ತಿ ಹೇರುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ಯುದ್ಧದ ಗದ್ದಲದಲ್ಲೂ ಯಾರೋ ಒಬ್ಬ ಪುಣ್ಯಾತ್ಮ ಕುದುರೆಗಳ ಮೇವಿನ ಯೋಚನೆ ಮಾಡಿದ್ದನಲ್ಲ!

ಇಂಗ್ಲೆಂಡಿನಲ್ಲಿ ಒಮ್ಮೆ ಕುದುರೆಗಳೇ ಮುಷ್ಕರ ಹೂಡಿದ್ದುಂಟು. 1901ರ ಫೆಬ್ರವರಿ, ವಿಕ್ಟೋರಿಯಾ ರಾಣಿಯ ಶವಯಾತ್ರೆ. ವಿಂಡ್ಸರ್ ಸ್ಟೇಷನ್ನಿನ ಹೊರಗೆ ಕೊರೆಯುವ ಚಳಿಯಲ್ಲಿ ಕುದುರೆಗಳನ್ನು ಹೂಡಿ ನಿಲ್ಲಿಸಿದ್ದರು. ರೈಲು ಬಂತು, ಪೆಟ್ಟಿಗೆಯನ್ನು ತೋಪಿನ ಗಾಡಿಯ ಮೇಲೆ ಇಟ್ಟದ್ದೂ ಆಯಿತು. ಹೊರಡಬೇಕೆನ್ನುವಾಗ ಕುದುರೆಗಳು ರೇಗಿ ಎಗರಾಡಿದವು, ಗಾಡಿಗೆ ಕಟ್ಟಿದ್ದು ಕಿತ್ತುಹೋಯಿತು. ಸಾಮ್ರಾಜ್ಯದ ಮರ್ಯಾದೆಯೇ ನಡುಬೀದಿಯಲ್ಲಿ ನಿಂತುಬಿಟ್ಟಿತು. ಕೊನೆಗೆ ಅಲ್ಲೇ ಇದ್ದ ನೌಕಾದಳದವರು ಹಗ್ಗ ಕಟ್ಟಿ ತಾವೇ ಎಳೆದರು. ಅಂದಿನಿಂದ ಅದೇ ಸಂಪ್ರದಾಯವಾಯಿತು. 2022ರ ಸೆಪ್ಟೆಂಬರ್ 19ರಂದು ಎಲಿಜಬೆತ್ ರಾಣಿಯ ಗಾಡಿಯನ್ನು ಎಳೆದದ್ದೂ 142 ಮಂದಿ ನಾವಿಕರೇ. ಚಳಿಯಲ್ಲಿ ನಿಂತು ಕಾಲು ಮರಗಟ್ಟಿದ ಕುದುರೆಗಳು ಒಂದು ದೇಶದ ಶಾಸ್ತ್ರವನ್ನೇ ಬದಲಿಸಿದವು. ಆದರೆ ಕುದುರೆಗಳನ್ನು ಅಷ್ಟು ಹೊತ್ತು ನಿಲ್ಲಿಸಬಾರದಿತ್ತು ಎನ್ನುವ ಮಾತಿಗಿಂತ, ನಾವಿಕರು ಮಾನ ಉಳಿಸಿದರು ಎನ್ನುವ ಮಾತೇ ಚರಿತ್ರೆಯಲ್ಲಿ ದೊಡ್ಡದಾಗಿ ಉಳಿಯಿತು.

ಹಾಗೆಂದು ಆ ದೇಶ ಕುದುರೆಯನ್ನು ಪೂರ್ತಿ ಬಿಡಲಿಲ್ಲ. 1997ರಲ್ಲಿ ರಾಜಕುಮಾರಿ ಡಯಾನಾಳ ಪೆಟ್ಟಿಗೆಯನ್ನು ಕುದುರೆಗಳೇ ಎಳೆದದ್ದನ್ನು ನಮ್ಮಲ್ಲಿ ಎಷ್ಟೋ ಮಂದಿ ಅಡುಗೆಮನೆ ಕೆಲಸ ಬಿಟ್ಟು ಬಂದು ಟಿವಿಯಲ್ಲಿ ನೋಡಿದ್ದೇವೆ. ಎಲಿಜಬೆತ್ ರಾಣಿಯ ಕೊನೆಯ ಯಾತ್ರೆ ವಿಂಡ್ಸರ್ ಕೋಟೆಯ ಕಡೆ ಸಾಗಿದಾಗ ದಾರಿಯ ಪಕ್ಕದ ಹುಲ್ಲಿನಲ್ಲಿ ಅವರ ಎಮ್ಮಾ ಎನ್ನುವ ಕಪ್ಪು ಪೋನಿ ನಿಂತಿತ್ತು. ಜೀನಿನ ಮೇಲೆ ರಾಣಿ ತಲೆಗೆ ಕಟ್ಟಿಕೊಳ್ಳುತ್ತಿದ್ದ ಒಂದು ಬಣ್ಣದ ಸ್ಕಾರ್ಫು. ಕಿರೀಟವಲ್ಲ, ಕತ್ತಿಯಲ್ಲ, ನಮ್ಮ ನಿಮ್ಮ ಹಾಗೆ ಗಾಳಿಗೆ ತಲೆಗೆ ಸುತ್ತಿಕೊಳ್ಳುವ ಬಟ್ಟೆ. ಅಷ್ಟೂ ಶಿಸ್ತಿನ ಮೆರವಣಿಗೆಯಲ್ಲಿ ನನ್ನ ಕಣ್ಣು ತುಂಬಿದ್ದು ಆ ಬಟ್ಟೆಯನ್ನು ನೋಡಿ.

ನಮ್ಮ ದೇಶದ ರೂಢಿ ಬೇರೆ. 1948ರ ಜನವರಿ 31ರಂದು ಗಾಂಧೀಜಿಯವರ ದೇಹವನ್ನು ಸೇನೆಯ ಒಂದು ವಾಹನದ ಮೇಲೆ ಇಟ್ಟು, ಎಂಜಿನ್ ಚಾಲೂ ಮಾಡದೆ, ಮೂರೂ ಪಡೆಗಳ ಯೋಧರು ಹಗ್ಗ ಹಿಡಿದು ಎಳೆದರು. ಕುದುರೆ ನಮಗೆ ಹೆಚ್ಚಾಗಿ ಯುದ್ಧದ, ದಸರೆಯ ಪ್ರಾಣಿ. 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಗಳ ಕುದುರೆ ಸವಾರರು. ಆ ಸವಾರರಿಗೆ ಸ್ಮಾರಕಗಳಿವೆ. ಕುದುರೆಗಳಿಗೆ ನಮ್ಮಲ್ಲಿ ಕಲ್ಲು ನೆಟ್ಟದ್ದು ಹೆಚ್ಚಾಗಿ ವೀರಗಲ್ಲುಗಳಲ್ಲಿ. ಅಲ್ಲೂ ಕಲ್ಲು ವೀರನದು, ಕುದುರೆ ಅವನ ಜೊತೆಗೆ ಬಂದದ್ದು ಅಷ್ಟೆ. ಪಕ್ಕದಲ್ಲೇ ಬಳೆ ತೊಟ್ಟ ಒಂದು ತೋಳು ಮಾತ್ರ ಕೆತ್ತಿದ ಮಾಸ್ತಿಕಲ್ಲೂ ಇರುತ್ತದೆ.

ಮಧ್ಯ ಏಷ್ಯಾದ ಬಯಲುಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳನ್ನು ಅಗೆದಾಗ ಒಡೆಯನ ಪಕ್ಕದಲ್ಲಿ ಅವನ ಕುದುರೆಗಳ ಮೂಳೆಯೂ ಸಿಕ್ಕಿವೆ. ಒಡೆಯ ಸತ್ತರೆ ಕುದುರೆಯನ್ನೂ ಕೊಂದು ಹೂಳುತ್ತಿದ್ದರು. ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಆ ಬಳೆ ತೊಟ್ಟ ತೋಳಿನ ನೆನಪಾಗುತ್ತದೆ. ಅದಕ್ಕೆ ಹೋಲಿಸಿದರೆ ಸವಾರನಿಲ್ಲದ ಕುದುರೆಯನ್ನು ಗೋರಿಯವರೆಗೆ ನಡೆಸಿ ಮತ್ತೆ ಜೀವಂತ ಲಾಯಕ್ಕೆ ಕರೆತರುವುದು ದೊಡ್ಡ ದಯೆಯೇ. ಆದರೆ ಲಾಯಕ್ಕೆ ಬಂದ ಮೇಲೆ? ಹುಡುಗಿ ಕೇಳಿದ್ದು ಅದನ್ನೇ. ನನಗೆ ನಗು ಬಾರದೆ ಹೋದದ್ದೂ ಅದಕ್ಕೇ. ಈಗ ನಮ್ಮ ಹಿತ್ತಲಿಗೆ ಹೋಗದೆ ವಿಧಿಯಿಲ್ಲ.

ನಮ್ಮ ತಾಯಿಯ ತಂದೆ ಅರಸೀಕೆರೆಯಲ್ಲಿ ಜಟಕಾ ಓಡಿಸುತ್ತಿದ್ದರು. ನಾನು ಮಿಡ್ಲ್ ಸ್ಕೂಲು ಓದಿದ್ದು ಆ ಮನೆಯಲ್ಲಿದ್ದುಕೊಂಡು. ಅರಸೀಕೆರೆ ಎಂದರೆ ರೈಲು. ಹೊತ್ತಲ್ಲದ ಹೊತ್ತಿನಲ್ಲಿ ಬರುವ ರೈಲುಗಳಿಗೆ ತಾತ ಕಂಬಳಿ ಹೊದ್ದು ಹೋಗಿ ಕಾಯುತ್ತಿದ್ದರು. ಅವರ ಕುದುರೆಯ ಹೆಸರು ಸರದಾರ. ಕೆಂಚು ಬಣ್ಣ, ಹಣೆಯಲ್ಲಿ ರೂಪಾಯಿಯಗಲ ಬಿಳಿ ಚುಕ್ಕೆ. ಬೆಳಿಗ್ಗೆ ಅದಕ್ಕೆ ನೀರು ತೋರಿಸದೆ ತಾತ ಕಾಫಿ ಲೋಟ ಮುಟ್ಟಿದ್ದನ್ನು ನಾನು ನೋಡಿಲ್ಲ. ಸಂಜೆ ಅಜ್ಜಿ ಮನೆಯವರಿಗೆ ಅನ್ನಕ್ಕಿಡುವ ಮುಂಚೆ ಕುದುರೆಗೆ ಹುರುಳಿ ಬೇಯಿಸಲು ಇಡುತ್ತಿದ್ದಳು. "ಮನೇಲಿ ದುಡಿಯೋನು ಅವ್ನು, ನಾವೆಲ್ಲ ತಿನ್ನೋರು" ಎನ್ನುವುದು ತಾತನ ಮಾತು.

1981ರ ಬೇಸಿಗೆಯಲ್ಲಿ ಒಂದು ಬೆಳಗಿನ ಜಾವ ತಾತ ಮಲಗಿದ್ದಲ್ಲೇ ಹೋದರು. ನನಗಾಗ ಹನ್ನೊಂದು ವರ್ಷ. ಸ್ಟೇಷನ್ ಮುಂದಿನ ಜಟಕಾ ಸ್ಟ್ಯಾಂಡಿನವರೆಲ್ಲ ಅಂದು ಬಾಡಿಗೆ ನಿಲ್ಲಿಸಿ ಬಂದರು. ಹಿಂದೂಗಳೂ ಇದ್ದರು, ಸಾಬರೂ ಇದ್ದರು. ಅವರೇ ಮಾತಾಡಿಕೊಂಡು ಒಂದು ಕೆಲಸ ಮಾಡಿದರು. ಸರದಾರನಿಗೆ ಮೈ ತಿಕ್ಕಿ, ಹಣೆಗೆ ಕುಂಕುಮವಿಟ್ಟು, ಕೊರಳಿಗೆ ಸೇವಂತಿಗೆ ಹಾರ ಹಾಕಿ, ತಾತನ ಜಟಕಾಕ್ಕೆ ಹೂಡಿದರು. ತಾತ ಕೂರುತ್ತಿದ್ದ ಜಾಗದಲ್ಲಿ ಅವರ ಚಾವಟಿಯನ್ನೂ ತಲೆಗೆ ಸುತ್ತುತ್ತಿದ್ದ ಟವೆಲನ್ನೂ ಇಟ್ಟರು. ಒಬ್ಬರು ಲಗಾಮು ಹಿಡಿದು ನಡೆಸಿದರು. ಮುಂದೆ ತಮಟೆ, ಅದರ ಹಿಂದೆ ಚಟ್ಟ, ಅದರ ಹಿಂದೆ ಸರದಾರ, ಅವನ ಹಿಂದೆ ಸಾಲಾಗಿ ಸ್ಟ್ಯಾಂಡಿನ ಜಟಕಾಗಳೆಲ್ಲ ಖಾಲಿ ಖಾಲಿ. ಅಂಗಡಿಯವರು ಎದ್ದು ನಿಂತು ಕೈಮುಗಿದರು. ಆ ಮೆರವಣಿಗೆಯನ್ನು ಊರು ಎಷ್ಟೋ ದಿನ ನೆನೆಯಿತು. ಆರ್ಲಿಂಗ್ಟನ್ನಿನ ಹೆಸರನ್ನೂ ಕೇಳಿರದ ಆ ಜನಕ್ಕೆ ಇದನ್ನು ಯಾರು ಹೇಳಿಕೊಟ್ಟಿದ್ದರೋ ಕಾಣೆ.

ಮಣ್ಣು ಮಾಡಿ ಬಂದರು. ಸರದಾರನಿಗೆ ಒಂದು ಬಕೀಟು ನೀರು ಕುಡಿಸಿ, ಒಂದು ಹೊರೆ ಒಣಹುಲ್ಲು ಹಾಕಿ, ಹಿತ್ತಲ ಲಾಯದಲ್ಲಿ ಕಟ್ಟಿ ಅವರವರ ಮನೆಗೆ ಹೋದರು. ಆಮೇಲೆ ಮನೆ ತುಂಬ ನೆಂಟರು. ಹಾಲು-ತುಪ್ಪಕ್ಕೆ ಏನೇನು ಬೇಕು, ತಿಥಿಗೆ ಎಷ್ಟು ಜನ, ಅಡುಗೆಗೆ ಯಾರು, ಸಾಲ ಎಷ್ಟು ಎನ್ನುವ ಮಾತು. ದೊಡ್ಡ ಮಾವ ಚಿಕ್ಕ ಮಾವ ನೋಡಿಕೊಂಡಿರುತ್ತಾನೆ ಎಂದುಕೊಂಡರು. ಚಿಕ್ಕ ಮಾವ ಸ್ಟ್ಯಾಂಡಿನವರು ಬಂದು ನೋಡುತ್ತಾರೆ ಎಂದುಕೊಂಡರು. ಸ್ಟ್ಯಾಂಡಿನವರು ಮನೆಯಲ್ಲಿ ಇಷ್ಟು ಜನ ಇದ್ದಾರಲ್ಲ ಎಂದುಕೊಂಡರು. ಯಾರೂ ಕೆಟ್ಟವರಲ್ಲ. ಅಷ್ಟು ಜನರ ನಡುವೆ ಆ ಕೆಲಸಕ್ಕೆ ಒಬ್ಬ ಇಲ್ಲದೆ ಹೋದ.

ಮಾರನೆಯ ದಿನ ರಾತ್ರಿ ಸರದಾರ ಕೆನೆಯಿತು. ಒಮ್ಮೆಯಲ್ಲ, ಬಿಟ್ಟು ಬಿಟ್ಟು ಬಹಳ ಹೊತ್ತು. ನಡುಮನೆಯಲ್ಲಿ ಸಾಲಾಗಿ ಮಲಗಿದ್ದ ಹೆಂಗಸರಲ್ಲಿ ಯಾರೋ "ಯಜಮಾನನ್ನ ಕರೀತಾ ಇದೆ, ಪಾಪ" ಎಂದರು. ಇನ್ನೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅದು ಎಚ್ಚರವಾಗಿಯೇ ಕೇಳಿಸುತ್ತಿತ್ತು. ಅದು ಯಜಮಾನನನ್ನು ಕರೆಯುವ ಕೂಗಲ್ಲ, ನೀರಿಗೆ ಕರೆಯುವ ಕೂಗು ಎಂದು ನನಗೆ ಗೊತ್ತಿತ್ತು. ದಿನಾ ಕೇಳಿದ ಕೂಗು ಅದು. ಆದರೆ ಹಿತ್ತಲಲ್ಲಿ ಕತ್ತಲೆ, ಸಾವಿನ ಮನೆ, ನನಗೆ ಭಯ. ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿಬಿಟ್ಟೆ. ಇದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಕೋಣೆಯೊಳಗೆ ಕರೆದಳು. ಅವಳು ಮೂಲೆಯಲ್ಲಿ ಕುಳಿತಿದ್ದಳು. ಅವಳು ಹೊರಗೆ ಬರುವಂತಿರಲಿಲ್ಲ. ಬಂದವರೆಲ್ಲ ಅವಳ ಮುಂದೆ ಅತ್ತು ಹೋಗುತ್ತಿದ್ದರೇ ಹೊರತು ಅವಳ ಮಾತು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. "ಕುದ್ರೆಗೆ ನೀರು ತೋರ್ಸಿದ್ರೇನವ್ವಾ? ನಿನ್ನೆಯಿಂದ ಕೇಳ್ತಾ ಇವ್ನಿ, ಯಾರೂ ಹೇಳವಲ್ಲರು" ಎಂದಳು.

ಓಡಿದೆ. ನೀರಿನ ಕಲ್ಲುಬಾನಿ ಬತ್ತಿ ತಳದಲ್ಲಿ ಪಾಚಿ ಬಿರುಕು ಬಿಟ್ಟಿತ್ತು. ಹುಲ್ಲು ಮುಗಿದು ಎಷ್ಟು ಹೊತ್ತಾಗಿತ್ತೋ, ಸರದಾರ ಹಗ್ಗ ಎಟುಕಿದಷ್ಟು ದೂರ ನೆಲವನ್ನು ಗೊರಸಿನಿಂದ ಕೆದರಿ, ಮಣ್ಣಿನಲ್ಲಿ ಬಿದ್ದ ಹುಲ್ಲಿನ ಕಡ್ಡಿಗಳನ್ನು ಮಣ್ಣಿನ ಸಮೇತ ತುಟಿಯಿಂದ ಬಾಚುತ್ತಿತ್ತು. ಮೂತಿಯೆಲ್ಲ ಮಣ್ಣು. ಕೊರಳಲ್ಲಿ ಸೇವಂತಿಗೆ ಹಾರದ ದಾರ ಮಾತ್ರ ಉಳಿದಿತ್ತು; ಹೂವನ್ನೆಲ್ಲ ಅದೇ ತಿಂದಿತ್ತು.

ಅಜ್ಜಿ ಹೇಳಿದ ಹಾಗೆ ನೀರನ್ನು ಒಂದೇ ಸಲಕ್ಕೆ ಕೊಡದೆ ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಆದರೂ ಅಂದು ರಾತ್ರಿ ಅದಕ್ಕೆ ಹೊಟ್ಟೆಶೂಲೆ ಬಂತು. ಬೆವರಿತು, ತಿರುತಿರುಗಿ ತನ್ನ ಹೊಟ್ಟೆಯ ಕಡೆ ನೋಡಿತು, ಬಿದ್ದು ಹೊರಳಲು ಹೋಯಿತು. ಸುದ್ದಿ ತಿಳಿದು ಸ್ಟ್ಯಾಂಡಿನವರು ಓಡಿ ಬಂದು ಬೆಳಗಾಗುವ ತನಕ ಸರದಿಯಲ್ಲಿ ಅದನ್ನು ಮಲಗಗೊಡದೆ ನಡೆಸಿದರು. ಬೆಳಿಗ್ಗೆ ದನದ ಡಾಕ್ಟರು ಬಂದು ಔಷಧಿ ಕುಡಿಸಿದರು. ಎರಡು ದಿನ ಲದ್ದಿಯಲ್ಲಿ ಮಣ್ಣು ಬಿತ್ತು. ಬದುಕಿಕೊಂಡಿತು. ತಿಥಿ ಮುಗಿದ ಮಾರನೆಯ ದಿನ ಮಾವಂದಿರು ಅದನ್ನು ತಿಪಟೂರು ಕಡೆಯವರಿಗೆ ಮಾರಿದರು. ಸಾಲವಿತ್ತು, ತಪ್ಪು ಹೇಳಲಾರೆ. ಹೊಡೆದುಕೊಂಡು ಹೋಗುವ ಮುಂಚೆ ಅಜ್ಜಿ ಬರಿಗೈಯಲ್ಲಿ ಹಿತ್ತಲಿಗೆ ಬಂದು ಅದರ ಹಣೆ ಸವರಿದಳು. "ನಂಗಾದ್ರೂ ಮೂಲೇಲಿ ಕೂತ್ರೆ ಯಾರಾದ್ರೂ ಒಂದು ತುತ್ತು ತಂದಿಡ್ತಾರೆ. ನೀನು ಯಾರನ್ನ ಕೇಳ್ಬೇಕಿತ್ತಪ್ಪ" ಎಂದಳು. ಅಷ್ಟೇ ಅವಳು ಆಡಿದ ಮಾತು.

ಈಗ ಮತ್ತೆ ಮಗಳ ಫೋನಿಗೆ ಬರುತ್ತೇನೆ. ಬ್ಲ್ಯಾಕ್ ಜ್ಯಾಕಿನ ಕಡೆಗಾಲ ಚೆನ್ನಾಗಿಯೇ ಆಯಿತು. 1973ರಲ್ಲಿ ನಿವೃತ್ತಿ, 1976ರ ಫೆಬ್ರವರಿಯಲ್ಲಿ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಸಾವು. ಕುದುರೆಗೆ ಅದು ತುಂಬು ಆಯಸ್ಸು. ಅದರ ಬೂದಿಯನ್ನು ಸೈನಿಕ ಮರ್ಯಾದೆಯೊಂದಿಗೆ ಫೋರ್ಟ್ ಮೈಯರಿನ ಕವಾಯತು ಮೈದಾನದ ಅಂಚಿನಲ್ಲಿ ಹೂಳಿದ್ದಾರೆ. ಹುಡುಗಿಗೆ ಹೇಳಲು ಒಳ್ಳೆಯ ಉತ್ತರ ಸಿಕ್ಕಿತು ಎಂದು ನಾನು ಏಳುವುದರಲ್ಲಿದ್ದೆ. ಆಗ ಮಗಳು, "ಅಮ್ಮಾ, ಇರು. ಇನ್ನೊಂದು ಇದೆ" ಎಂದಳು.

2022ರ ಫೆಬ್ರವರಿಯಲ್ಲಿ, ಆರ್ಲಿಂಗ್ಟನ್ನಿನಲ್ಲಿ ಶವದ ಬಂಡಿ ಎಳೆಯುತ್ತಿದ್ದ ಮಿಕ್ಕಿ ಮತ್ತು ಟೋನಿ ಎನ್ನುವ ಎರಡು ಕುದುರೆಗಳು ನಾಲ್ಕೇ ದಿನಗಳ ಅಂತರದಲ್ಲಿ ಸತ್ತವು. ತನಿಖೆಯಾದಾಗ ಲಾಯದ ಸ್ಥಿತಿ ಹೊರಗೆ ಬಂತು. ಇಕ್ಕಟ್ಟಾದ ಜಾಗ, ಕೆಸರು, ಕಳಪೆ ಮೇವು. ಹುಲ್ಲನ್ನು ಜಲ್ಲಿ ನೆಲದ ಮೇಲೆ ಹಾಕುತ್ತಿದ್ದುದರಿಂದ ಹುಲ್ಲಿನ ಜೊತೆ ಮರಳೂ ಜಲ್ಲಿಯೂ ಹೊಟ್ಟೆ ಸೇರುತ್ತಿತ್ತು. ಮಗಳು ಓದುತ್ತಲೇ ಇದ್ದಳು. ಮರಳು ಎನ್ನುವ ಮಾತಿನ ಮೇಲೆ ನನ್ನ ಕಿವಿ ನಿಂತುಬಿಟ್ಟಿತು.

ಅದೇ ಕುದುರೆಗಳ ಚರ್ಮದ ಪಟ್ಟಿಗಳನ್ನು ಸೈನಿಕರು ಬೆಳಗಿನ ಜಾವವೇ ಎದ್ದು ಕನ್ನಡಿಯ ಹಾಗೆ ಹೊಳೆಯುವಂತೆ ತಿಕ್ಕುತ್ತಿದ್ದರು. ಹಿತ್ತಾಳೆಯ ಒಂದು ಗುಂಡಿಯೂ ಮಂಕಾಗಿರಕೂಡದು. ಆ ಹುಡುಗರ ದುಡಿಮೆಗೆ ನಾನು ಹೆಸರಿಡಲಾರೆ. ಆದರೆ ಹೊಳೆಯುವ ಪಟ್ಟಿಯ ಕೆಳಗೆ ಬೆನ್ನು ಹುಣ್ಣಾಗುತ್ತಿತ್ತು. ಜೀನುಗಳು ಆಯಾ ಕುದುರೆಯ ಅಳತೆಯವಲ್ಲ. ಬಂಡಿಗಳು 1918ರ ಕಾಲದವು, ಒಂದೊಂದೂ ಒಂದು ಟನ್ನಿಗೆ ಮೀರಿದ ತೂಕ. 2023ರ ಮೇ ತಿಂಗಳಲ್ಲಿ ಸೇನೆ ಕುದುರೆ ಬಂಡಿಯ ಶವಯಾತ್ರೆಯನ್ನೇ ನಿಲ್ಲಿಸಿತು. ಮೊದಲು ಕೆಲವೇ ವಾರಗಳಿಗೆ ಎಂದದ್ದು ಎರಡು ವರ್ಷವಾಯಿತು. ಕುದುರೆಗಳಿಗೆ ಬಯಲು ಬೇಕಾಯಿತು, ಅಳತೆಗೆ ಹೊಲಿದ ಜೀನು ಬೇಕಾಯಿತು, ಹಗುರವಾದ ಬಂಡಿ ಬೇಕಾಯಿತು, ಅವುಗಳ ವಿಷಯ ತಿಳಿದ ವೈದ್ಯರೂ ತರಬೇತುದಾರರೂ ಬೇಕಾಯಿತು. 2025ರ ಜೂನ್‌ನಲ್ಲಿ ಮತ್ತೆ ಶುರುವಾದಾಗ ಮೊದಲಿನಷ್ಟು ದುಡಿಸದೆ, ದಿನಕ್ಕೆ ಕೆಲವೇ ಯಾತ್ರೆಗಳೆಂದು ಮಿತಿ ಹಾಕಿಕೊಂಡರು.

ಆ ಎರಡು ವರ್ಷ ಶವಪೆಟ್ಟಿಗೆಗಳನ್ನು ಮೋಟಾರಿನಲ್ಲಿ ಸಾಗಿಸಿದರು. ತಮ್ಮವರು ಕುದುರೆ ಬಂಡಿಯಲ್ಲೇ ಹೋಗಬೇಕೆಂದು ಆಸೆಪಟ್ಟಿದ್ದ ಹೆಂಡತಿ ಮಕ್ಕಳಿಗೆ ಅದು ಬಹಳ ಸಂಕಟವಾಗಿರಬೇಕು. ಸತ್ತವರಿಗೆ ನಾವು ಕೊಡುವುದು ಇನ್ನೇನು ತಾನೇ ಉಳಿದಿರುತ್ತದೆ? ನನ್ನ ತಾತನ ಮೆರವಣಿಗೆಯನ್ನು ನೆನೆದರೆ ಇಂದಿಗೂ ಎದೆ ಉಬ್ಬುತ್ತದೆ. ಆ ಮೆರವಣಿಗೆ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಅದಾದ ಮೇಲಿನ ಎರಡು ರಾತ್ರಿಗಳನ್ನು ಮಾತ್ರ ಅದರಿಂದ ಬೇರೆ ಮಾಡಿ ನೋಡಲು ನನ್ನಿಂದ ಆಗುವುದಿಲ್ಲ. ದೊಡ್ಡ ದೇಶದ ದೊಡ್ಡ ಸೇನೆಯಲ್ಲೂ ಆದದ್ದು ಅದೇ. ಮರ್ಯಾದೆಗೆ ನೂರು ಜನ ಇದ್ದರು, ಬಾನಿಗೆ ಜನ ಸಾಲದೆ ಹೋಯಿತು.

ಮಾರನೆಯ ದಿನ ತರಗತಿಯಲ್ಲಿ ಹುಡುಗಿಯನ್ನು ಏಳಿಸಿ ಎಲ್ಲವನ್ನೂ ಹೇಳಿದೆ. ಬ್ಲ್ಯಾಕ್ ಜ್ಯಾಕಿಗೆ ಲಾಯದ ಸೈನಿಕರಿದ್ದರು, ಅವರೇ ನೀರು ಮೇವು ನೋಡುತ್ತಿದ್ದರು ಎಂದೆ. ಮಿಕ್ಕಿ ಮತ್ತು ಟೋನಿಯ ವಿಷಯ ಹೇಳಿದೆ. ಕಡೆಗೆ, ಹೇಳಬಾರದೆಂದುಕೊಂಡಿದ್ದರೂ, ಸರದಾರನ ವಿಷಯವನ್ನೂ ಕಂಬಳಿಯ ವಿಷಯವನ್ನೂ ಹೇಳಿಬಿಟ್ಟೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಮಕ್ಕಳ ಮುಂದೆ ನನ್ನ ತಪ್ಪನ್ನು ಹೀಗೆ ಒಪ್ಪಿಕೊಂಡದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಆಮೇಲೆ, ಪಾಠ ಒಪ್ಪಿಸುವವಳ ಹಾಗೆ, "ಹೋದ್ವರ್ಷ ನಮ್ಮಪ್ಪ ಹೋದ ದಿನ ನಮ್ಮ ಎರಡು ಹಸಿಗೂ ನಾನೇ ನೀರು ತೋರ್ಸಿದ್ದು ಮಿಸ್. ಎಲ್ಲಾ ಅಳ್ತಾ ಇದ್ರು. ಕರು ಅರಚ್ತಾ ಇತ್ತು, ಅದ್ಕೇ ಎದ್ದು ಹೋದೆ" ಎಂದಳು.

"ಕೂತ್ಕೋಮ್ಮಾ" ಎಂದೆ. ಅಂದಿನ ಪಾಠ ಮುಂದಕ್ಕೆ ಹೋಗಲಿಲ್ಲ.